ಮುದ್ರೆಯುಂಗುರದಿಂದ ಗುಪ್ತಪದದವರೆಗೆ

ಮನೆಯ ಐಶ್ವರ್ಯವು ಎಲ್ಲಿರುವುದೆಂದು ಕೇಳಿದರೆ ನಮ್ಮ ಹಿರಿಯರು ಕೈದೋರಿ ಹೇಳಬಲ್ಲವರಾಗಿದ್ದರು. ಅಕ್ಕಿಯು ಕಲೆಂಬಿಯಲ್ಲಿ, ಭತ್ತವು ಪತ್ತಾಯದಲ್ಲಿ, ಒಡವೆಯು ತಿಜೋರಿಯಲ್ಲಿ, ವರ್ಗಭೂಮಿಯ ಪತ್ರಗಳು ಮರದ ಪೆಟ್ಟಿಗೆಯ ತಳದಲ್ಲಿ. ಇವೆಲ್ಲದರ ಬೀಗದ ಕೈಗೊಂಚಲು ಮನೆಯ ಯಜಮಾನಿತಿಯ ಸೊಂಟದಲ್ಲಿ. ಇಂದು ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅಡಕೆ ಮಾರಿದ ಹಣವು ಕೈಗೆ ಬಾರದೆಯೇ ಬ್ಯಾಂಕಿನ ಖಾತೆಗೆ ಸೇರುತ್ತದೆ. ಜಮೀನಿನ ಪಹಣಿಯು ಸರಕಾರದ ಗಣಕಯಂತ್ರದಲ್ಲಿದೆ. ಬೆಂಗಳೂರಿನಲ್ಲಿಯೋ ದುಬಾಯಿಯಲ್ಲಿಯೋ ಅಮೆರಿಕದಲ್ಲಿಯೋ ನೆಲಸಿರುವ ಮಕ್ಕಳ ಪತ್ರಗಳೂ ಮೊಮ್ಮಕ್ಕಳ ಭಾವಚಿತ್ರಗಳೂ ಕಣ್ಣಿಗೆ ಕಾಣದ ಉಗ್ರಾಣಗಳಲ್ಲಿ ಶೇಖರವಾಗಿವೆ. ಆ ಉಗ್ರಾಣಗಳ ಬೀಗದ ಕೈಯು ಕಬ್ಬಿಣದ್ದಲ್ಲ. ಕೆಲವು ಅಕ್ಷರಗಳ ಒಂದು ಗುಟ್ಟಿನ ಮಾತು. ಜನರು ಅದನ್ನು ಪಾಸ್‌ವರ್ಡ್ ಎನ್ನುವರು. ಈ ಲೇಖನದಲ್ಲಿ ಅದನ್ನು ಗುಪ್ತಪದವೆಂದು ಕರೆಯೋಣ.

ಈ ಹೊಸ ಬೀಗದ ಕೈಗೆ ಮೂರು ವಿಧದ ಆಪತ್ತುಗಳುಂಟು: ಮರೆವು, ಕಳವು ಮತ್ತು ಮರಣ. ಸುಲಭವಾಗಿ ನೆನಪಿನಲ್ಲುಳಿಯುವ ಮಾತನ್ನು ಪರರೂ ಸುಲಭವಾಗಿ ಊಹಿಸುವರು. ಊಹೆಗೆ ಸಿಲುಕದ ಮಾತು ನಮ್ಮ ನೆನಪಿಗೂ ಸಿಲುಕದು. ಬರೆದಿಟ್ಟರೆ ಕಳ್ಳನ ಕಣ್ಣಿಗೆ ಬೀಳಬಹುದು. ಬರೆಯದಿದ್ದರೆ ಯಜಮಾನನೊಡನೆ ಅದೂ ಚಿತೆಯೇರುವುದು. ಇದು ಕೇವಲ ಯಂತ್ರಯುಗದ ತೊಡಕೆಂದು ಭಾವಿಸುವವರೇ ಹೆಚ್ಚು. ಆದರೆ ‘ನೀನು ಯಾರು? ನೀನು ಅವನೇ ಎಂಬುದಕ್ಕೆ ಗುರುತೇನು?’ ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ನಮ್ಮ ಪುರಾಣೇತಿಹಾಸಗಳೂ ನಮ್ಮ ಸೀಮೆಯ ಚರಿತ್ರೆಯೂ ಅದಕ್ಕೆ ಕೊಟ್ಟ ಉತ್ತರಗಳನ್ನು ಪರಿಶೀಲಿಸಿದಲ್ಲಿ ಇಂದಿನ ನಮ್ಮ ಕರ್ತವ್ಯವೂ ಸ್ಪಷ್ಟವಾಗುವುದು.

೧

ಮನುಷ್ಯನು ತಾನು ಇಂಥವನೆಂದು ತೋರಿಸಿಕೊಳ್ಳುವ ಮಾರ್ಗಗಳು ಮೂರೇ. ತನ್ನ ಕೈಯಲ್ಲಿರುವ ವಸ್ತುವಿನಿಂದ, ತನ್ನ ಮೈಯಲ್ಲಿರುವ ಲಕ್ಷಣದಿಂದ, ತನ್ನ ಮನಸ್ಸಿನಲ್ಲಿರುವ ಮಾತಿನಿಂದ. ಉಂಗುರವೂ ಮುದ್ರೆಯೂ ಮೊದಲನೆಯವು, ಮುಖವೂ ಬೆರಳ ಗೆರೆಯೂ ಎರಡನೆಯವು, ಗುಪ್ತಪದವು ಮೂರನೆಯದು.

ಸುಂದರಕಾಂಡದಲ್ಲಿ ಈ ಮೂರೂ ಒಂದೆಡೆ ಕೂಡಿ ಬಂದಿರುವುದನ್ನು ಗಮನಿಸಬೇಕು. ಅಶೋಕವನದಲ್ಲಿ ಹನುಮಂತನನ್ನು ಕಂಡ ಸೀತೆಯು ಒಡನೆಯೇ ನಂಬಲಿಲ್ಲ. ಸಂನ್ಯಾಸಿಯ ವೇಷದಿಂದ ಬಂದವನಿಂದಲೇ ಅಪಹೃತಳಾದ ಆಕೆಯು ಈ ವಾನರನೂ ರಾವಣನ ಮಾಯೆಯಿರಬಹುದೆಂದು ಶಂಕಿಸಿ, ರಾಮನ ಲಕ್ಷಣಗಳನ್ನು ಹೇಳೆಂದು ಅವನನ್ನೇ ಪ್ರಶ್ನಿಸಿದಳು. ಅವನು ರಾಮನ ಅಂಗಲಕ್ಷಣಗಳನ್ನು ವರ್ಣಿಸಿ, ಬಳಿಕ ಮುದ್ರೆಯುಂಗುರವನ್ನು ಕೊಟ್ಟನು. ಸೀತೆಯಾದರೂ ಚೂಡಾಮಣಿಯೊಂದನ್ನೇ ಕೊಟ್ಟು ಸುಮ್ಮನಾಗದೆ, ಚಿತ್ರಕೂಟದಲ್ಲಿ ಕಾಗೆಯು ಪೀಡಿಸಿದ ವೃತ್ತಾಂತವನ್ನು ಹೇಳಿ ಕಳುಹಿದಳು. ಆಭರಣವನ್ನು ಕದಿಯಬಹುದು, ದಂಪತಿಗಳಿಬ್ಬರೇ ಬಲ್ಲ ಸಂಗತಿಯನ್ನು ಕದಿಯುವುದು ಕಷ್ಟ. ಒಂದು ಗುರುತು ಸಾಲದೆಂದು ಎರಡನ್ನು ಕೂಡಿಸುವ ಕ್ರಮವನ್ನು ಇಂದಿನ ಬ್ಯಾಂಕುಗಳು ಗುಪ್ತಪದದ ಮೇಲೆ ಮೊಬೈಲಿಗೆ ಬರುವ ಕ್ಷಣಿಕ ಸಂಖ್ಯೆಯನ್ನೂ ಕೇಳುವುದರ ಮೂಲಕ ಅನುಸರಿಸುತ್ತಿವೆ. ಆದರೆ ಸೀತೆಯಿಂದ ನಾವು ಕಲಿಯಬೇಕಾದುದು ಮತ್ತೊಂದಿದೆ: ಗುರುತು ಕೇಳಲು ಬಂದವನ ಗುರುತನ್ನು ಮೊದಲು ತಾನು ಕೇಳಿದಳು. ಬ್ಯಾಂಕಿನವನೆಂದೋ ಪೊಲೀಸಿನವನೆಂದೋ ಹೇಳಿಕೊಂಡು ದೂರವಾಣಿಯಲ್ಲಿ ಕೇಳಿದವನಿಗೆ ಸಂಖ್ಯೆಯನ್ನೊಪ್ಪಿಸಿ ಹಣ ಕಳಕೊಂಡವರು ಮರೆತುದು ಇದನ್ನೇ.

ಮಹಾಭಾರತದಲ್ಲಿ ಈ ವಿಷಯವು ಇನ್ನೂ ವಿಶದವಾಗಿ ಕಾಣಬರುತ್ತದೆ. ವಾರಣಾವತಕ್ಕೆ ಹೊರಟ ಧರ್ಮರಾಯನಿಗೆ ವಿದುರನು ಇತರರಿಗೆ ತಿಳಿಯದ ಮ್ಲೇಚ್ಛಭಾಷೆಯಲ್ಲಿ ಎಚ್ಚರಿಕೆಯನ್ನು ಹೇಳಿದನು. ಮುಂದೆ ಅರಗಿನ ಮನೆಯಲ್ಲಿ ಸುರಂಗ ತೋಡುವವನೊಬ್ಬನು ಬಂದು ತಾನು ವಿದುರನ ಕಡೆಯವನೆಂದಾಗ, ಆ ದಿನ ಆ ಭಾಷೆಯಲ್ಲಿ ನಡೆದ ಮಾತನ್ನೂ ಅದಕ್ಕೆ ಧರ್ಮರಾಯನು ಕೊಟ್ಟ ಉತ್ತರವನ್ನೂ ನಂಬಿಕೆಯ ಕಾರಣವಾಗಿ ಮುಂದಿಟ್ಟನು. ಭೀಷ್ಮಪರ್ವದ ಆರಂಭದಲ್ಲಂತೂ, ಯುದ್ಧದ ಗಲಿಬಿಲಿಯಲ್ಲಿ ತಮ್ಮವರು ಯಾರೆಂದು ತಿಳಿಯಲು, ಇಂಥ ಮಾತನ್ನಾಡುವವನು ಪಾಂಡವರ ಕಡೆಯವನೆಂಬ ಸಂಕೇತಗಳನ್ನು ಯುಧಿಷ್ಠಿರನು ಏರ್ಪಡಿಸಿದನೆಂದು ಹೇಳಿದೆ. ಸಾಲ್ವನು ದ್ವಾರಕೆಯನ್ನು ಮುತ್ತಿದಾಗ ಮುದ್ರೆಯಿಲ್ಲದವನು ಪಟ್ಟಣದಿಂದ ಹೊರಡಲೂ ಕೂಡದು, ಒಳಹೊಗಲೂ ಕೂಡದೆಂಬ ಕಟ್ಟಳೆಯಿದ್ದುದು ವನಪರ್ವದಿಂದ ತಿಳಿದುಬರುತ್ತದೆ.

ಈ ಕಟ್ಟಳೆಯು ಬರಿಯ ಕವಿಕಲ್ಪನೆಯಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕದ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ವಿಷಯವು ಒಂದು ಅಧ್ಯಾಯದಲ್ಲಿ ಬಂದಿದೆ. ಒಂದು ಮಾಷಕವನ್ನು ತೆತ್ತವನಿಗೆ ಆತನು ಮುದ್ರೆಯನ್ನು ಕೊಡತಕ್ಕದ್ದು. ಮುದ್ರೆಯಿಲ್ಲದೆ ಸಂಚರಿಸುವ ನಾಡಿಗನಿಗೆ ೧೨ ಪಣ ದಂಡ. ಕಳ್ಳಮುದ್ರೆಗೆ ಅದಕ್ಕಿಂತಲೂ ಕಠಿನವಾದ ಶಿಕ್ಷೆ. ಮುದ್ರೆಯಿದ್ದಲ್ಲಿ ಕಳ್ಳಮುದ್ರೆಯೂ ಇರುವುದೆಂಬುದನ್ನು ಶಾಸ್ತ್ರಕಾರನು ಚೆನ್ನಾಗಿ ಬಲ್ಲವನಾಗಿದ್ದನು.

೨

ಇನ್ನು ನಮ್ಮ ಸೀಮೆಗೆ ಬರೋಣ. ಗುರುತಿನ ಪ್ರಶ್ನೆಯು ಪ್ರಾಣಾಂತಿಕವಾಗಿ ಪರಿಣಮಿಸಿದ ಪ್ರಸಂಗವೊಂದು ಸುಳ್ಯ–ಪುತ್ತೂರುಗಳ ಚರಿತ್ರೆಯಲ್ಲಿಯೇ ಇದೆ. ಅಮರಸುಳ್ಯವೂ ಪುತ್ತೂರು ಸೀಮೆಯ ಕೆಲಭಾಗಗಳೂ ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಸೇರಿದ್ದುವು. ೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಈ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದು ಹಣವಾಗಿಯೇ ತೆರಬೇಕೆಂದಾಗ ರೈತರ ಅಸಮಾಧಾನವು ಮಿತಿಮೀರಿತು. ರಾಜವಂಶದ ಹಕ್ಕುದಾರನೆಂದು ಕಲ್ಯಾಣಸ್ವಾಮಿಯ ಹೆಸರು ಜನರ ಬಾಯಲ್ಲಿದ್ದಿತು. ಕೆದಂಬಾಡಿ ರಾಮಯ್ಯಗೌಡನೇ ಮೊದಲಾದ ನಾಯಕರು ಪುಟ್ಟಬಸಪ್ಪನೆಂಬವನನ್ನು ಆ ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಿದರು. ೧೮೩೭ನೆಯ ಮಾರ್ಚ್ ಕೊನೆಯಲ್ಲಿ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿನ ಮಾರ್ಗವಾಗಿ ಏಪ್ರಿಲ್ ೫ರಂದು ಮಂಗಳೂರನ್ನು ಸೇರಿತು. ಸುಮಾರು ಎರಡು ವಾರ ಆ ಪಟ್ಟಣವು ಅವರ ಕೈಯಲ್ಲಿದ್ದಿತು. ಬಳಿಕ ಹೊರಗಿನ ಸೈನ್ಯವು ಬಂದು ದಂಗೆಯನ್ನಡಗಿಸಿತು; ಪುಟ್ಟಬಸಪ್ಪನೂ ಅವನ ಸಂಗಡಿಗರೂ ಗಲ್ಲಿಗೇರಿದರು. ನಾಡಜನರು ಇದನ್ನು ಕಲ್ಯಾಣಪ್ಪನ ಕಾಟಕಾಯಿ ಎಂದು ಬಹುಕಾಲ ಸ್ಮರಿಸಿದರು. ೨೦೨೨ರಲ್ಲಿ ರಾಮಯ್ಯಗೌಡನ ಪ್ರತಿಮೆಯು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಸ್ಥಾಪಿತವಾಯಿತು.

ಆ ವೀರರ ತ್ಯಾಗವನ್ನು ಇಲ್ಲಿ ತೂಗಲು ಹೊರಟಿಲ್ಲ. ನಮಗೆ ಬೇಕಾದುದು ಇಷ್ಟೇ: ಅರಸುಮನೆತನದವನ ಮುಖವನ್ನು ಹತ್ತಿರದಿಂದ ಕಂಡವರು ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದಾರು? ಜನರು ನಂಬಿದುದು ಆ ಮುಖವನ್ನಲ್ಲ, ಅದನ್ನು ತೋರಿಸಿದ ತಮ್ಮೂರ ಗೌಡರ ಮಾತನ್ನು. ಪರಿಚಿತನ ಸಾಕ್ಷಿಯೇ ಅಪರಿಚಿತನ ಗುರುತು. ಈ ನಿಯಮವು ಊರು ಚಿಕ್ಕದಾಗಿದ್ದ ಕಾಲದಲ್ಲಿ ಸರ್ವತ್ರ ನಡೆಯುತ್ತಿದ್ದಿತು. ೧೯೦೪ನೆಯ ಸಹಕಾರಿ ಕಾಯಿದೆಯು ಒಂದೇ ಊರಿನ ಇಲ್ಲವೆ ನೆರೆಹೊರೆಯ ಹತ್ತು ಮಂದಿ ಕೂಡಿ ಸಂಘ ಕಟ್ಟಬಹುದೆಂದುದು ಇದೇ ತತ್ತ್ವದ ಮೇಲೆಯೇ. ಒಬ್ಬರನ್ನೊಬ್ಬರು ಬಲ್ಲವರಲ್ಲಿ ಸಾಲಕ್ಕೆ ಬೇರೆ ಗುರುತು ಬೇಕಿಲ್ಲ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ೧೯೦೯ರಲ್ಲಿ ಪಟ್ಟಣದ ಸಹಕಾರಿ ಬ್ಯಾಂಕನ್ನೂ ೧೯೧೪ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕನ್ನೂ ನೆಲೆಗೊಳಿಸಿದುದು ಇಂಥ ಪರಸ್ಪರ ಪರಿಚಯದ ಅಡಿಗಲ್ಲಿನ ಮೇಲೆ. ಇಂದಿನ ಗಣಕವು ಯಾರನ್ನೂ ಅರಿಯದು. ಗೌಡರ ಮಾತಾಗಲಿ ನೆರೆಮನೆಯವರ ಸಾಕ್ಷಿಯಾಗಲಿ ಅದಕ್ಕೆ ಬೇಡ. ಸರಿಯಾದ ಅಕ್ಷರಗಳನ್ನು ಒತ್ತಿದವನೇ ಅದಕ್ಕೆ ಯಜಮಾನನು. ಪರಿಚಯವು ಅಳಿದೆಡೆಯಲ್ಲಿ ಗುಪ್ತಪದವು ಬಂದು ನಿಂತಿದೆಯೆಂಬುದೇ ಈ ಚರಿತ್ರೆಯ ತಿರುಳು.

೩

ಪರಿಚಯವಿಲ್ಲದಲ್ಲಿ ಮೈಲಕ್ಷಣವನ್ನೇ ನೆಚ್ಚಬಹುದಲ್ಲವೆ ಎಂದು ವಾಚಕರು ಕೇಳಬಹುದು. ಹೆಬ್ಬೆಟ್ಟಿನ ಚರಿತ್ರೆಯೂ ನಮ್ಮ ದೇಶದ್ದೇ. ೧೮೫೮ರಲ್ಲಿ ಬಂಗಾಲದಲ್ಲಿ ವಿಲಿಯಂ ಹರ್ಷೆಲನು ಕರಾರುಪತ್ರವೊಂದರ ಮೇಲೆ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಒತ್ತಿಸಿದನು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯು ಸ್ಥಾಪಿತವಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸರು ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮವನ್ನು ಬೆಳೆಯಿಸಿದರು. ಕರ್ನಾಟಕ ಸರಕಾರವು ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದಾಗ, ದಾಖಲೆಯನ್ನು ತಿದ್ದುವ ಅಧಿಕಾರಿಗಳು ಗುಪ್ತಪದದೊಡನೆ ಬೆರಳಚ್ಚನ್ನೂ ಕೊಡಬೇಕೆಂದು ವಿಧಿಸಿತು. ಇದರಿಂದಾದ ಲಾಭವು ಸ್ಪಷ್ಟ: ಒಬ್ಬನ ಗುಪ್ತಪದವನ್ನು ಮತ್ತೊಬ್ಬನು ಬಳಸಿ, ತಿದ್ದಿದವನು ನಾನಲ್ಲವೆಂದು ಜಾರಿಕೊಳ್ಳುವ ದಾರಿಯು ಮುಚ್ಚಿತು. ಹಿಂದಿನ ಕಾಲದ ಕಡತವನ್ನು ನೆನೆದರೆ ಇದರ ಮಹತ್ವವು ತಿಳಿಯುವುದು. ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದ ಆ ಬಟ್ಟೆಯ ಮೇಲೆ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಒರಸಿದವರಾರೆಂದು ಕಡತವು ಹೇಳುತ್ತಿರಲಿಲ್ಲ.

ಆದರೆ ಮೈಲಕ್ಷಣಕ್ಕೆ ಎರಡು ದೋಷಗಳುಂಟು. ಅಡಕೆ ಸುಲಿದು, ಬೀಡಿ ಕಟ್ಟಿ, ರಬ್ಬರು ಕೊರೆದು ಬೆರಳ ಗೆರೆಗಳು ಸವೆದವರ ಗುರುತನ್ನು ಯಂತ್ರವು ಹಿಡಿಯದೆ ಹೋಗಬಹುದು. ದುಡಿದ ಕೈಗೇ ಬಾಗಿಲು ಮುಚ್ಚುವುದೆಂದರೆ ಎಂಥ ವಿಪರ್ಯಾಸ! ಎರಡನೆಯದು ಇನ್ನೂ ಘೋರವಾದುದು. ೨೦೨೩ರಲ್ಲಿ ಕರ್ನಾಟಕದ ಹಲವೆಡೆ, ಮಂಗಳೂರಿನಲ್ಲಿಯೂ, ಜಮೀನಿನ ಪತ್ರ ನೋಂದಾಯಿಸಿದ ಕೆಲವರ ಖಾತೆಗಳಿಂದ ಅವರಿಗೆ ತಿಳಿಯದಂತೆಯೇ ಆಧಾರ್ ಬೆರಳಚ್ಚಿನ ಪಾವತಿಯ ಮೂಲಕ ಹಣವು ಹೋದ ದೂರುಗಳು ಪೊಲೀಸರಿಗೆ ಬಂದುವು. ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತೇ ಕಳ್ಳರ ಕೈಸೇರಿರಬೇಕೆಂಬ ಶಂಕೆಯು ಹಬ್ಬಿತು. ಬಳಿಕ ಆಧಾರದ ಬೆರಳಚ್ಚನ್ನು ಬೀಗ ಹಾಕಿಡಬೇಕೆಂದು ಜನರಿಗೆ ಸಲಹೆಯಾಯಿತು. ಈ ಸೌಕರ್ಯವು ಇಂದೂ ಇದೆ, ಬಳಸದವರು ಬಳಸತಕ್ಕದ್ದು. ಇಲ್ಲಿ ನೆನಪಿಡಬೇಕಾದುದೇನೆಂದರೆ, ಕಳವಾದ ಗುಪ್ತಪದವನ್ನು ಅರೆಗಳಿಗೆಯಲ್ಲಿ ಬದಲಾಯಿಸಬಹುದು. ಕಳವಾದ ಹೆಬ್ಬೆಟ್ಟನ್ನು ಜನ್ಮಾಂತರದಲ್ಲಿಯೂ ಬದಲಾಯಿಸಲಾಗದು. ಆದುದರಿಂದಲೇ ಮನಸ್ಸಿನ ಮಾತಿಗೆ ಇಂದೂ ಬೆಲೆಯಿದೆ.

೪

ಗಣಕಯಂತ್ರಕ್ಕೆ ಗುಪ್ತಪದವು ಪ್ರವೇಶಿಸಿದುದು ೧೯೬೧ರ ಸುಮಾರಿಗೆ, ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾಲಯದಲ್ಲಿ. ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುವ ಏರ್ಪಾಡನ್ನು ಫರ್ನಾಂಡೋ ಕೊರ್ಬಾಟೋ ಮತ್ತು ಸಂಗಡಿಗರು ಮಾಡಿ, ಒಬ್ಬರ ಕಡತವನ್ನು ಮತ್ತೊಬ್ಬರು ನೋಡದಂತೆ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಮಾತನ್ನು ನಿಯಮಿಸಿದರು. ಮರುವರ್ಷವೇ ಅಲನ್ ಷೆರ್ ಎಂಬ ಸಂಶೋಧಕನು ತನಗೆ ಯಂತ್ರದ ಹೊತ್ತು ಸಾಲದೆಂದು ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಯಂತ್ರದಿಂದ ಅಚ್ಚು ಮಾಡಿಸಿಕೊಂಡನು! ೧೯೬೬ರಲ್ಲಿ ಒಂದು ದೋಷದಿಂದ ಆ ಪಟ್ಟಿಯು ಯಂತ್ರಕ್ಕೆ ಬಂದವರೆಲ್ಲರ ಮುಂದೆ ತಾನಾಗಿಯೇ ಮುದ್ರಿತವಾಯಿತು. ಬೀಗದ ಕೈಗಳನ್ನೆಲ್ಲ ಬಾಗಿಲ ಬಳಿಯ ಮೊಳೆಗೆ ತೂಗುಹಾಕಿದಂತೆ ಪಟ್ಟಿಯನ್ನು ಬಿಚ್ಚಕ್ಷರದಲ್ಲಿಯೇ ಇಟ್ಟುದು ಇದಕ್ಕೆ ಕಾರಣ.

ಅಂದಿನಿಂದ ಗುಪ್ತಪದವನ್ನೇ ಇಡದೆ, ಅದನ್ನು ಅರೆದು ಮಾಡಿದ ಒಂದು ಗುರುತನ್ನು ಮಾತ್ರ ಇಡುವ ಕ್ರಮವು ಬೆಳೆಯಿತು. ಅರೆದ ಹಿಟ್ಟಿನಿಂದ ಕಾಳನ್ನು ಮತ್ತೆ ಪಡೆಯಲಾಗದಂತೆ ಆ ಗುರುತಿನಿಂದ ಮೂಲಪದವನ್ನು ತಿರುಗಿ ಪಡೆಯಲಾಗದು. ಆದರೆ ಕಳ್ಳನು ತಾನೂ ಊಹೆಯ ಪದಗಳನ್ನು ಒಂದೊಂದಾಗಿ ಅರೆದು ಹೋಲಿಸಿ ನೋಡಬಹುದು. ೧೯೭೯ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನರು ಹೀಗೆ ೩,೨೮೯ ಗುಪ್ತಪದಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಶೇಕಡಾ ೮೬ ಊಹೆಗೆ ಸಿಲುಕುವಷ್ಟು ದುರ್ಬಲವಾಗಿದ್ದುವು: ಬಹು ಚಿಕ್ಕವು, ಇಲ್ಲವೆ ನಿಘಂಟಿನಲ್ಲಿರುವ ಶಬ್ದಗಳು ಮತ್ತು ಹೆಸರುಗಳು. ಮನೆದೇವರ ಹೆಸರು, ಮಗುವಿನ ಹುಟ್ಟಿದ ದಿನ, ತೋಟದ ಹೆಸರು ಇವುಗಳನ್ನೇ ಗುಪ್ತಪದವಾಗಿ ಇಟ್ಟುಕೊಂಡವರು ನಮ್ಮಲ್ಲಿಯೂ ಕಡಿಮೆಯಿಲ್ಲ.

ಇದಕ್ಕೆ ಪ್ರತೀಕಾರವಾಗಿ ೨೦೦೩ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆಯೊಂದು ದೊಡ್ಡಕ್ಷರ, ಅಂಕಿ, ಚಿಹ್ನೆಗಳನ್ನು ಬೆರಸಬೇಕೆಂಬ ಸಲಹೆಯನ್ನಿತ್ತಿತು. ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ವಾಡಿಕೆಯೂ ಲೋಕದಲ್ಲಿ ಹರಡಿತು. ಫಲವೇನಾಯಿತು? ಜನರು ಒಂದೇ ಪದದ ಕೊನೆಯ ಅಂಕಿಯನ್ನು ಒಂದರಿಂದ ಎರಡಕ್ಕೆ ಏರಿಸಿ ಸಮಾಧಾನಪಟ್ಟುಕೊಂಡರು. ೨೦೧೭ರಲ್ಲಿ ಅದೇ ಸಂಸ್ಥೆಯು ತನ್ನ ವಿಧಿಯನ್ನು ತಿದ್ದಿ, ಕಾರಣವಿಲ್ಲದೆ ಬದಲಿಸುವ ಬಲವಂತವು ಕೂಡದು, ಚಿಹ್ನೆಗಳ ಬೆರಕೆಗಿಂತ ಉದ್ದವೇ ಮೇಲೆಂದು ಸಾರಿತು.

ಉದ್ದದ ಮಹಿಮೆಯನ್ನು ಗಣಿತವೇ ತೋರಿಸುವುದು. ನಾಲ್ಕಂಕಿಯ ಸಂಖ್ಯೆಗಳು ಒಟ್ಟು ೧೦,೦೦೦ ಮಾತ್ರ. ಇಂಗ್ಲಿಷಿನ ಚಿಕ್ಕಕ್ಷರಗಳ ಎಂಟರ ಸಾಲುಗಳು ೨೦,೮೮೨ ಕೋಟಿ. ಇದು ದೊಡ್ಡದೆಂದು ತೋರಿದರೂ ಯಂತ್ರದ ವೇಗಕ್ಕೆ ಅಲ್ಪವೇ. ೧೯೯೫ರಲ್ಲಿ ಅರ್ನಾಲ್ಡ್ ರೈನ್‌ಹೋಲ್ಡ್ ಎಂಬವನು ಒಂದು ಸರಳವಾದ ಉಪಾಯವನ್ನು ಸೂಚಿಸಿದನು: ೭,೭೭೬ ಶಬ್ದಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ದಾಳವನ್ನು ಐದು ಸಲ ಉರುಳಿಸಿ ಬಂದ ಸಂಖ್ಯೆಗೆ ಸರಿಯಾದ ಶಬ್ದವನ್ನು ಆರಿಸುವುದು. ಹೀಗೆ ನಾಲ್ಕು ಶಬ್ದಗಳನ್ನು ಆರಿಸಿದರೆ ಸಾಧ್ಯತೆಗಳು ೩೬ ಕೋಟಿ ಕೋಟಿಗಿಂತಲೂ ಹೆಚ್ಚು. ಐದು, ಆರು ಶಬ್ದಗಳಾದರೆ ಇನ್ನೂ ಭದ್ರ. ಮನುಷ್ಯನು ತಾನೇ ಆರಿಸಿದರೆ ಇಷ್ಟದೇವರೂ ಇಷ್ಟಜನರೂ ನುಸುಳುವರು, ದಾಳಕ್ಕೆ ಪಕ್ಷಪಾತವಿಲ್ಲ.

೫

ಸಂಬಂಧವಿಲ್ಲದ ಶಬ್ದಗಳನ್ನು ನೆನಪಿಡುವುದು ಹೇಗೆಂಬ ಪ್ರಶ್ನೆಗೆ ನಮ್ಮವರಷ್ಟು ಚೆನ್ನಾಗಿ ಉತ್ತರ ಕೊಟ್ಟವರು ವಿರಳ. ಸಂಖ್ಯೆಗಳನ್ನು ಅಕ್ಷರಗಳಲ್ಲಿ ಅಡಗಿಸುವ ಕಟಪಯಾದಿ ಕ್ರಮವನ್ನು ಹರಿದತ್ತನು ಕ್ರಿ.ಶ. ೬೮೩ರಷ್ಟು ಹಿಂದೆಯೇ ಜ್ಯೋತಿಷಗ್ರಂಥದಲ್ಲಿ ಬಳಸಿದ್ದನು. ಕ, ಟ, ಪ, ಯ ಎಂಬ ನಾಲ್ಕೂ ಒಂದು. ಅಲ್ಲಿಂದ ಮುಂದಿನ ಅಕ್ಷರಗಳು ಕ್ರಮವಾಗಿ ಎರಡು, ಮೂರು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದತಕ್ಕದ್ದು. ಸಂಗೀತವನ್ನು ಬಲ್ಲ ಮನೆಗಳಲ್ಲಿ ಇದು ಅಪರಿಚಿತವಲ್ಲ. ಮೇಚಕಲ್ಯಾಣಿಯಲ್ಲಿ ‘ಮೇ’ ಐದು, ‘ಚ’ ಆರು. ತಿರುಗಿಸಿದರೆ ೬೫ನೆಯ ಮೇಳ. ಮಾಯಾಮಾಳವಗೌಳವು ೧೫, ಖರಹರಪ್ರಿಯವು ೨೨, ಧೀರಶಂಕರಾಭರಣವು ೨೯. ಎಪ್ಪತ್ತೆರಡು ಮೇಳಗಳ ಸಂಖ್ಯೆಗಳನ್ನು ಹೆಸರುಗಳೇ ಹೊತ್ತುಕೊಂಡಿವೆ. ನೀರಸವಾದ ಸಂಖ್ಯೆಯನ್ನು ಅರ್ಥವುಳ್ಳ ಶಬ್ದಕ್ಕೆ ಕಟ್ಟಿದರೆ ನೆನಪು ನಿಲ್ಲುವುದೆಂಬುದೇ ಇದರ ಮರ್ಮ. ಬ್ಯಾಂಕಿನ ನಾಲ್ಕಂಕಿಯ ಸಂಖ್ಯೆಗೆ ಇಂಥದೊಂದು ಶಬ್ದವನ್ನು ಕಟ್ಟಿಕೊಂಡವರು ಅದನ್ನು ಚೀಟಿಯಲ್ಲಿ ಬರೆದು ಕಾರ್ಡಿನೊಡನೆ ಇಡಬೇಕಾಗಿಲ್ಲ. ದಾಳದಿಂದ ಬಂದ ಶಬ್ದಗಳನ್ನೂ ಒಂದು ವಿಚಿತ್ರವಾದ ಚಿತ್ರದೊಳಗೆ ಪೋಣಿಸಿಕೊಂಡರೆ ನಾಲ್ಕೈದು ದಿನಗಳಲ್ಲಿ ಕಂಠಸ್ಥವಾಗುವುದು.

ಒಂದು ಎಚ್ಚರಿಕೆ: ಕಟಪಯಾದಿಯು ನೆನಪಿನ ಊರುಗೋಲೇ ಹೊರತು ಬೀಗವಲ್ಲ, ಕ್ರಮವನ್ನು ಬಲ್ಲವರು ಅನೇಕರಿದ್ದಾರೆ. ೧೮೮೩ರಲ್ಲಿ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸನು ವಿಧಿಸಿದಂತೆ, ಬೀಗದ ರಚನೆಯು ಶತ್ರುವಿಗೆ ತಿಳಿದರೂ ಕೀಲಿಕೈಯೊಂದು ಗುಟ್ಟಾಗಿದ್ದರೆ ಸಾಕೆಂಬಂತಿರಬೇಕು.

೬

ಈ ಚರಿತ್ರೆಯಿಂದ ಗೃಹಸ್ಥರು ಗ್ರಹಿಸತಕ್ಕ ವಿಧಿಗಳು ಕೆಲವೇ. ಒಂದೇ ಗುಪ್ತಪದವನ್ನು ಎಲ್ಲೆಡೆ ಬಳಸಬಾರದು. ಎಲ್ಲೋ ಒಂದು ಅಂಗಡಿಯ ಪಟ್ಟಿಯು ಬಯಲಾದರೆ ಬ್ಯಾಂಕಿನ ಬಾಗಿಲೂ ತೆರೆಯುವುದು. ಹತ್ತಾರು ಪದಗಳನ್ನು ನೆನಪಿಡಲಾರದವರು ಅವುಗಳನ್ನು ಕಾಯುವ ನಂಬಿಕೆಯ ತಂತ್ರಾಂಶದ ಪೆಟ್ಟಿಗೆಯಲ್ಲಿ ಇಟ್ಟು, ಆ ಪೆಟ್ಟಿಗೆಯ ಒಂದೇ ಉದ್ದನೆಯ ಪದವನ್ನು ಕಂಠಸ್ಥ ಮಾಡಲಿ. ಅದು ಒಗ್ಗದ ಹಿರಿಯರು ಒಂದು ಪುಸ್ತಕದಲ್ಲಿ ಬರೆದು ಪತ್ರಗಳ ಜೊತೆಯಲ್ಲಿ ಕಪಾಟಿನೊಳಗೆ ಬೀಗ ಹಾಕಿ ಇಡಲಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಸಾಗರದಾಚೆಯಿಂದ ಊಹಿಸುವ ಕಳ್ಳನು ಕಡಬದ ಮನೆಯ ಕಪಾಟನ್ನು ಒಡೆಯಲಾರನು. ಮೊಬೈಲಿನ ಹಿಂಬದಿಯಲ್ಲಿಯೋ ಗೋಡೆಯ ಪಂಚಾಂಗದ ಮೇಲೆಯೋ ಬರೆಯುವುದು ಮಾತ್ರ ಸಲ್ಲದು. ಗುಪ್ತಪದವನ್ನು ಕೇಳುವವನು ಯಾರೇ ಆಗಲಿ ಅವನಿಗೆ ಹೇಳಬಾರದು. ಮೋಸ ಹೋದುದು ತಿಳಿದೊಡನೆ ೧೯೩೦ ಎಂಬ ಸರಕಾರಿ ದೂರವಾಣಿಗೆ ತಿಳಿಸಬೇಕು.

ಮರಣದ ವಿಷಯವನ್ನು ಬಾಯಿಬಿಟ್ಟು ಹೇಳಲು ನಮ್ಮ ಮನೆಗಳಲ್ಲಿ ಸಂಕೋಚವುಂಟು. ಆದರೂ ಹೇಳಲೇಬೇಕು. ಯಜಮಾನನು ಕಣ್ಮುಚ್ಚಿದ ಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆಯೆಂದು ಪತ್ನಿಗೂ ಮಕ್ಕಳಿಗೂ ತಿಳಿಯದೆ ಅಲೆಯುವಂತಾಗಬಾರದು. ಇದಕ್ಕೆ ಗುಪ್ತಪದವನ್ನು ಬಹಿರಂಗಗೊಳಿಸಬೇಕಾಗಿಲ್ಲ. ಖಾತೆಗಳ ಪಟ್ಟಿಯೊಂದು ಮನೆಯಲ್ಲಿರಲಿ; ಪ್ರತಿ ಖಾತೆಗೂ ನಾಮನಿರ್ದೇಶನವಾಗಿರಲಿ. ೨೦೨೫ರ ಬ್ಯಾಂಕಿಂಗ್ ಕಾನೂನುಗಳ ತಿದ್ದುಪಡಿಯ ಮೇರೆಗೆ ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದಾಗಿದೆ. ಗೂಗಲಿನವರು ೨೦೧೩ರಿಂದಲೂ, ಬಹುಕಾಲ ಬಳಸದ ಖಾತೆಯು ಯಾರಿಗೆ ಸಲ್ಲಬೇಕೆಂದು ಮೊದಲೇ ಗೊತ್ತುಪಡಿಸುವ ಅವಕಾಶವನ್ನಿತ್ತಿದ್ದಾರೆ. ಸೊಸೆಯು ಮನೆ ತುಂಬಿದ ಬಳಿಕ ಅತ್ತೆಯು ಬೀಗದ ಕೈಗೊಂಚಲನ್ನು ಒಪ್ಪಿಸುವುದು ಒಂದು ಸಂಸ್ಕಾರವೇ ಆಗಿದ್ದ ನಾಡಿದು. ಕಾಣದ ಉಗ್ರಾಣಗಳ ಕೀಲಿಗೂ ಅಂಥದೊಂದು ಕ್ರಮವನ್ನು ಈ ತಲೆಮಾರಿನವರು ಏರ್ಪಡಿಸಬೇಕು. ದೀಪಾವಳಿಗೋ ಷಷ್ಠಿಗೋ ಮಕ್ಕಳು ಊರಿಗೆ ಬಂದಾಗ ಒಂದು ಸಾಯಂಕಾಲವನ್ನು ಇದಕ್ಕೆ ಮೀಸಲಿಟ್ಟರೆ, ಆ ಕೆಲಸವು ಒಂದೇ ದಿನದಲ್ಲಿ ಮುಗಿದೀತು.